ಮೂರು ಸಲ ಬಿದ್ದ ಸ್ವಿಚ್

ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಂದಾಗ ಸುಗಂಧಿ ತೀರಿಹೋದ ಗಂಡ ದೇವದಾಸರ ಎದೆಯ ಮೇಲಿನ ಶಾಲಿನ ಮಡಿಕೆ ಸರಿಪಡಿಸುತ್ತಿದ್ದಳು. ತವರೂರು ಅಜೆಕಾರಿನಲ್ಲಿ ಅವಳು ಚಿಕ್ಕವಳಿದ್ದಾಗ ಗದ್ದೆಯಂಚಿನ ಪಂಪಿನ ಕೊಟ್ಟಿಗೆಯಿಂದ ಇದೇ ವಾಸನೆ ಬರುತ್ತಿತ್ತು. ಆಗೆಲ್ಲ ತಾಯಿ ಕೈಯಲ್ಲಿದ್ದ ಭತ್ತದ ನೇಜಿ ಬಿಸಾಡಿ ಓಡಿ ಬಂದು, ಕರೆಂಟು ನೀರಿಗೆ ಇಳಿದೀತೆಂದು ಮಕ್ಕಳನ್ನು ಗದ್ದೆಯ ನೀರಿನಿಂದ ಎತ್ತಿ ಬದುವಿನ ಮೇಲೆ ನಿಲ್ಲಿಸುತ್ತಿದ್ದಳು. ಸುಗಂಧಿ ತಲೆಯೆತ್ತುವಷ್ಟರಲ್ಲಿ ಜಗಲಿಯ ಗೋಡೆಯಲ್ಲಿ ಸ್ವಿಚ್ ಟಕ್ ಎಂದು ಬಿತ್ತು. ಫ್ಯಾನು ನಿಂತಿತು. ಶವವಿಡಲು ತರಿಸಿ ಬಾಗಿಲ ಬಳಿ ಇಟ್ಟಿದ್ದ ಖಾಲಿ ತಂಪುಪೆಟ್ಟಿಗೆಯ ಹಸಿರು ದೀಪವೂ ಆರಿತು.

"ಮೂರನೇ ಸಲ," ಎಂದ ಸುಕೇಶ್. ಅವನು ದೇವದಾಸರ ಅಣ್ಣನ ಮಗ, ಕಾಪು ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವನು. "ಚಿಕ್ಕಪ್ಪ ಹೋದರೂ ಅವರ ಸ್ವಿಚ್ಚಿನ ಹಠ ಹೋಗಲಿಲ್ಲ ಮಾರಾಯ."



ದೇವದಾಸರು ಬೆಳಗ್ಗೆ ಐದೂವರೆಗೆ ಬಚ್ಚಲಿನಿಂದ ಬಂದು ಮಂಚದಲ್ಲಿ ಕುಳಿತವರು ಹಾಗೆಯೇ ಗೋಡೆಗೆ ಒರಗಿಬಿಟ್ಟಿದ್ದರು. ಅರವತ್ತೇಳು ವರ್ಷ. ಒಬ್ಬಳೇ ಮಗಳು ವಿಜೇತಾ ಮಸ್ಕತ್ತಿನಲ್ಲಿದ್ದಳು. ಅವಳಿಗೆ ಸಿಕ್ಕಿದ್ದು ರಾತ್ರಿಯ ವಿಮಾನ. ಮನೆ ತಲುಪುವುದು ಮರುದಿನ ಬೆಳಗ್ಗೆ. "ನಾನು ಬರುವವರೆಗೆ ಇಡ್ತೀರಿ ಅಲ್ವಾ ಅಮ್ಮ?" ಎಂದು ಅವಳು ಕೇಳಿದಾಗ ಸುಗಂಧಿ ಯೋಚಿಸದೆ ಹೇಳಿದ್ದಳು: "ಇಡ್ತೇವೆ ಮಗಾ. ನೀನು ಬಾ."

ಮೇ ತಿಂಗಳ ಸೆಕೆ. ಅಷ್ಟು ಹೊತ್ತು ಇಡಬೇಕಾದರೆ ತಂಪುಪೆಟ್ಟಿಗೆಯೇ ಆಗಬೇಕು. ಉಡುಪಿಯಿಂದ ಒಂದು ಬಂತು. ಆದರೆ ಅದನ್ನು ಚಾಲೂ ಮಾಡಿದಾಗಲೆಲ್ಲ ಜಗಲಿಯ ಸೋರಿಕೆ ಸ್ವಿಚ್ ಬೀಳುತ್ತಿತ್ತು. ಕರೆಂಟು ದಾರಿ ತಪ್ಪಿ ಎಲ್ಲಿಯಾದರೂ ಸೋರಿದರೆ ತಾನಾಗಿ ಬಿದ್ದು ಇಡೀ ಮನೆಯನ್ನು ಆರಿಸುವ ಸ್ವಿಚ್ ಅದು; ದೇವದಾಸರೇ ಹಾಕಿದ್ದು. ಬೇರೆ ಪೆಟ್ಟಿಗೆಗೆ ಫೋನ್ ಮಾಡಿದರು. ಒಂದು ಕಾರ್ಕಳದ ಕಡೆ ಇನ್ನೊಂದು ಸಾವಿನ ಮನೆಯಲ್ಲಿತ್ತು, ಮತ್ತೊಂದು ರಿಪೇರಿಯಲ್ಲಿ. ಎರಡು ಆಸ್ಪತ್ರೆಗಳ ಶವಾಗಾರಕ್ಕೂ ಕೇಳಿದ್ದಾಯಿತು. ಜಾಗವಿಲ್ಲ ಎಂದರು.

ಅಂಗಳದ ಚಪ್ಪರದಡಿ ಕುಳಿತವರು ಸತ್ತವರ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದರು. ಮಣಿಪಾಲದಲ್ಲಿ ಎಂತದೋ ರಿಸರ್ಚ್ ಅಂತೆ, ಅವರ ಕೈಕೆಳಗೆ ಹನ್ನೆರಡು ಜನ ಇದ್ದರಂತೆ ಎಂದರು ಒಬ್ಬರು. ಎಂತ ಕಂಡುಹಿಡಿದರು ಎಂದು ಇನ್ನೊಬ್ಬರು ಕೇಳಿದರು. ಪಕ್ಕದ ಮನೆಯ ಫಿಯೋನಾ ಫ್ಯಾನು ನಿಂತ ಕ್ಷಣದಿಂದ ಹಳೆಯ ಕ್ಯಾಲೆಂಡರಿನ ರಟ್ಟು ಹಿಡಿದು ದೇವದಾಸರ ಮುಖಕ್ಕೆ ಗಾಳಿ ಹಾಕುತ್ತಿದ್ದಳು.

*

ಇಪ್ಪತ್ತು ವರ್ಷಗಳ ಹಿಂದೆ ಕಾರ್ಕಳದ ಹತ್ತಿರ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಹನುಮಪ್ಪನೆಂಬ ಕೂಲಿಯವನು ಕಾಂಕ್ರೀಟಿಗೆ ಇಳಿಸಿ ಅದುರಿಸುವ ಕರೆಂಟಿನ ಯಂತ್ರ ಹಿಡಿದಲ್ಲೇ ಶಾಕ್ ಹೊಡೆದು ಸತ್ತಿದ್ದ. ಬಾಗಲಕೋಟೆಯ ಕಡೆಯವನು. ದೇವದಾಸರು ಆಗ ಮಣಿಪಾಲದಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತಿದ್ದರು. ತನಿಖೆಗೆ ಅವರನ್ನು ಕರೆದಿದ್ದರು.

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಚ್ಚದೆ ಮೆಟ್ಟಿಲಲ್ಲೇ ಕುಳಿತರು. ಅಲ್ಲಿ ಸೋರಿಕೆ ಸ್ವಿಚ್ ಇತ್ತು, ಆದರೆ ಅದನ್ನು ಬದಿಗಿಟ್ಟು ವಯರನ್ನು ನೇರ ಎಳೆದಿದ್ದರು ಎಂದು ಸುಗಂಧಿಗೆ ಹೇಳಿದರು. ಯಾಕೆಂದು ಮೇಸ್ತ್ರಿಯನ್ನು ಕೇಳಿದರಂತೆ. ಮಳೆ ಬಂದರೆ ದಿನಕ್ಕೆ ಹತ್ತು ಸಲ ಸುಮ್ಮನೆ ಬೀಳ್ತದೆ ಸಾರ್, ಕೆಲಸ ಆಗಬೇಡವಾ ಎಂದನಂತೆ ಅವನು.

"ಅವನು ಹೇಳಿದ್ದು ಸುಳ್ಳಲ್ಲ," ಎಂದರು ದೇವದಾಸರು. "ಸುಮ್ಮಸುಮ್ಮನೆ ಬೀಳುವ ಸ್ವಿಚ್ಚನ್ನು ಯಾರು ನಂಬುತ್ತಾರೆ? ತಪ್ಪು ನಮ್ಮದೂ ಉಂಟು."

ಮುಂದಿನದ್ದೆಲ್ಲ ಆ ಮಾತಿನ ಬೆನ್ನು ಹಿಡಿದೇ ಹೋಯಿತು. ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಹೆದರದೆ, ನಿಜಕ್ಕೂ ಅಪಾಯವಿದ್ದಾಗ ಮಾತ್ರ ಬೀಳುವ ಸ್ವಿಚ್. ಅವರ ಲ್ಯಾಬಿನವರು ಕಾಪುವಿನ ದೀಪಸ್ತಂಭದ ಬಳಿಯ ಶೆಡ್ಡಿನಲ್ಲಿ, ಕೆಮ್ಮಣ್ಣಿನ ಹಿನ್ನೀರಿನ ದಡದ ಮನೆಗಳಲ್ಲಿ ಸ್ವಿಚ್ಚುಗಳನ್ನು ತೂಗುಹಾಕಿ, ಯಾವುದು ಯಾವ ದಿನ ಸುಳ್ಳಿಗೆ ಬಿತ್ತು ಎಂದು ಹನ್ನೊಂದು ಮಳೆಗಾಲ ಬರೆದಿಟ್ಟರು. ಸುಗಂಧಿಯ ಬಚ್ಚಲಿನಲ್ಲೂ ನಾಲ್ಕು ನೇತಾಡುತ್ತಿದ್ದವು. ಒಗೆದ ಬಟ್ಟೆಯನ್ನು ಅವುಗಳ ಮೇಲೆಯೇ ಹರವುತ್ತೇನೆಂದು ಅವಳು ಹೆದರಿಸಿದ್ದುಂಟು. ಕೊನೆಗೆ ಪಾಸಾದ ಸ್ವಿಚ್ಚೇ ಈಗ ಜಗಲಿಯ ಗೋಡೆಯಲ್ಲಿದ್ದುದು.

ಹನುಮಪ್ಪನ ಮಗ ಸಂಗಮೇಶ ಐಟಿಐ ಮುಗಿಸಿದ ವರ್ಷವೇ ದೇವದಾಸರು ಅವನನ್ನು ಲ್ಯಾಬಿಗೆ ಸೇರಿಸಿಕೊಂಡರು. ಈಗ ಅವನಿಗೆ ಮೂವತ್ತನಾಲ್ಕು.

*

ಹತ್ತೂವರೆಯ ಹೊತ್ತಿಗೆ ಹೆಂಗಸರು ಸುಗಂಧಿಯನ್ನು ಸ್ನಾನಕ್ಕೆ ಕರೆದೊಯ್ದರು. ಅವಳು ತಲೆ ಒರೆಸಿಕೊಂಡು ಹೊರಗೆ ಬಂದಾಗ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು. ದೇವದಾಸರನ್ನು ಒಳಗೆ ಮಲಗಿಸಿ ಗಾಜಿನ ಮುಚ್ಚಳ ಹಾಕಿಯೂ ಆಗಿತ್ತು.

ಸುಕೇಶ್ ಸ್ಟೂಲಿನಿಂದ ಇಳಿಯುತ್ತಿದ್ದ. ಕೈಯಲ್ಲಿ ಕಟ್ಟಿಂಗ್ ಪ್ಲೇಯರ್. "ಸ್ವಿಚ್ ತಪ್ಪಿಸಿ ಮೀಟರಿನಿಂದ ನೇರ ಕೊಟ್ಟಿದ್ದೇನೆ ಚಿಕ್ಕಮ್ಮ. ವಿಜೇತಾಳಿಗೂ ಮೆಸೇಜ್ ಹಾಕಿದೆ. ಇನ್ನು ನಾಳೆವರೆಗೆ ತೊಂದರೆ ಇಲ್ಲ."

 ಗಾಜಿನ ಕೆಳಗೆ ಗಂಡನ ಮುಖ ಸಣ್ಣಗೆ ಮಂಜು ಹಿಡಿದು, ಸ್ನಾನ ಮಾಡಿ ಬಂದವರ ಹಾಗೆ ಕಂಡಿತು. ಮಗಳು ಇನ್ನು ಮುಖ ನೋಡುತ್ತಾಳೆ ಎಂದುಕೊಂಡು ಸುಗಂಧಿ ಪೆಟ್ಟಿಗೆಯತ್ತ ಕೈ ಚಾಚಿದಳು.

"ಅಮ್ಮಾರ, ಕೈ ಹಚ್ಚಬ್ಯಾಡ್ರಿ."

ಸಂಗಮೇಶ ಆಗಷ್ಟೇ ಮಣಿಪಾಲದಿಂದ ಬಂದವನು, ಚೀಲವನ್ನೂ ಇಳಿಸಿರಲಿಲ್ಲ; ನೇರ ಎಳೆದ ವಯರು ಅವನ ಕಣ್ಣಿಗೆ ಬಿದ್ದಿತ್ತು. ಚೀಲದಿಂದ ಕರೆಂಟು ಅಳೆಯುವ ಪುಟ್ಟ ಮೀಟರ್ ತೆಗೆದು ಪೆಟ್ಟಿಗೆಯ ತಗಡಿಗೆ ತಾಗಿಸಿ ನೋಡಿದ. ಹಿಂದಿನ ಮುಚ್ಚಳದ ಸಂದಿನಲ್ಲಿ ಟಾರ್ಚು ಹಾಕಿದ. ಎದ್ದಾಗ ಅವನ ಮುಖ ಬಾಡಿತ್ತು. ತಂಪು ಮಾಡುವ ಮೋಟಾರಿನ ಒಳಗಿನ ಸುರುಳಿಯೇ ಸುಟ್ಟು ತಗಡಿಗೆ ತಾಗಿದೆ, ಇಡೀ ಮೋಟಾರು ಬದಲಿಸದೆ ಆಗುವ ಕೆಲಸವಲ್ಲ ಎಂದ.

"ಸ್ವಿಚ್ಚು ಸುಳ್ಳು ಹೇಳಿಲ್ಲರೀ," ಎಂದು ಸುಗಂಧಿಗೆ ಮಾತ್ರ ಕೇಳುವಂತೆ ಹೇಳಿದ. "ಮನುಷ್ಯಾನ್ನ ಹಿಡಿದರ ಬಿಡದಷ್ಟು ಸೋರಾಕತ್ತೈತಿ."

ಸುಕೇಶನಿಗೆ ಸಿಟ್ಟು ಬಂತು. ಸುತ್ತ ಹಗ್ಗ ಕಟ್ಟುವ, ನಾನೇ ರಾತ್ರಿಯಿಡೀ ಕಾವಲು ಕೂರುತ್ತೇನೆ, ಒಂದು ರಾತ್ರಿಯ ಪ್ರಶ್ನೆ ಎಂದ. ಅಕ್ಕಪಕ್ಕದವರು ಹೌದೆಂದರು. ಮಗಳು ಅಷ್ಟು ದೂರದಿಂದ ಬರುವಾಗ ಮುಖ ಕಾಣಿಸದಿದ್ದರೆ ಹೇಗೆ ಎಂದರು. ಸಂಗಮೇಶ, ಇದು ತಾನು ಹೇಳುವ ಮಾತಲ್ಲ ಎಂಬಂತೆ ಮೀಟರಿನ ವಯರನ್ನು ಬೆರಳಿಗೆ ಸುತ್ತುತ್ತ ನಿಂತ.

ಆಗ ದೇವದಾಸರ ಮುದಿ ಸೋದರತ್ತೆ ಬಂದರು. ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಒದ್ದೆ ಪಾದದಲ್ಲಿ, ಅಳುತ್ತ, ಎರಡೂ ಕೈ ಮುಂದೆ ಚಾಚಿಕೊಂಡು ನೇರ ಪೆಟ್ಟಿಗೆಯ ಕಡೆಗೆ. ಫಿಯೋನಾ ಅಡ್ಡ ಬಂದು ಅವರನ್ನು ಮೆಲ್ಲನೆ ತಬ್ಬಿಕೊಂಡಳು. ಅಳುವವರ ಕೈ ಹಗ್ಗ ನೋಡುವುದಿಲ್ಲ ಎಂದು ಸುಗಂಧಿಗೆ ಅನಿಸಿತು. ಎಲ್ಲ ಗೊತ್ತಿದ್ದ ತನ್ನ ಕೈಯೇ ನೋಡಿರಲಿಲ್ಲ.

"ಆರಿಸು ಸುಕೇಶ್."

"ಚಿಕ್ಕಮ್ಮ, ವಿಜೇತಾ..."

"ನನಗೆ ಗೊತ್ತುಂಟು. ಆರಿಸು."

ಗುಂಯ್ ಎನ್ನುವ ಸದ್ದು ನಿಂತಿತು. ಅಂಗಳದಲ್ಲಿ ಯಾರೋ ಕೆಮ್ಮಿದರು.

*

ವಿಜೇತಾಳ ಮದುವೆಯ ಹಿಂದಿನ ಸಂಜೆ, ಮೆಹಂದಿಯ ದಿನ, ಅಕಾಲದ ಮಳೆ ಬಂದಿತ್ತು. ಚಪ್ಪರದ ತುಂಬ ಎಳೆದಿದ್ದ ಬಣ್ಣದ ದೀಪಗಳನ್ನು ದೇವದಾಸರು ಒಂದೊಂದಾಗಿ ಬಿಚ್ಚಿಸಿದರು. ನೆಂಟರು ಮುಸಿಮುಸಿ ನಕ್ಕರು. ಮಗಳು ಅಂಗೈ ಚಾಚಿ ಕುಳಿತಲ್ಲಿಂದಲೇ ಅಂದಳು, "ಅಪ್ಪನಿಗೆ ನಾನು ಮುಖ್ಯ ಅಲ್ಲ. ವಯರು ಮುಖ್ಯ."

ಅವರು ಒಳಗಿನಿಂದ ಬ್ಯಾಟರಿಯ ದೀಪ ತಂದು ಮೆಹಂದಿ ಹಾಕುವವಳ ಹೆಗಲ ಹಿಂದೆ ನಿಂತರು. ಎರಡು ಗಂಟೆ, ಎರಡೂ ಕೈ ಮುಗಿಯುವವರೆಗೆ. ಕೊನೆಕೊನೆಗೆ ಬೆಳಕು ನಡುಗುತ್ತಿತ್ತು. ಕೂರಿ ಎಂದರೆ, ನೆರಳು ಬೀಳ್ತದೆ ಎಂದರು.

*

ಫೋನನ್ನು ಸುಗಂಧಿ ತಾನೇ ಮಾಡಿದಳು. ಬೇರೆಯವರಿಂದ ಹೇಳಿಸಲು ಮನಸ್ಸಾಗಲಿಲ್ಲ.

"ಸಂಜೆಯೇ ಮುಗಿಸಬೇಕಾಗ್ತದೆ ಮಗಾ."

"ಸುಕೇಶಣ್ಣ ಸರಿ ಮಾಡಿದ್ದೇನೆ ಅಂತ ಹೇಳಿದ್ದ."

"ಮಾಡಿದ್ದ. ನಾನು ತೆಗೆಸಿದೆ. ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೀತಿತ್ತು."

"ಮುಟ್ಟದ ಹಾಗೆ ನೋಡಿಕೊಳ್ಳಲಿಕ್ಕೆ ಒಬ್ಬರೂ ಇರಲಿಲ್ವಾ ಅಲ್ಲಿ? ಒಂದು ರಾತ್ರಿ, ಅಮ್ಮ. ನಾನು ಕೇಳಿದ್ದು ಒಂದೇ ರಾತ್ರಿ."

"ನಾನೇ ಮುಟ್ಟಲಿಕ್ಕೆ ಹೋಗಿದ್ದೆ," ಎಂದಳು ಸುಗಂಧಿ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಆ ಮಾತು ಮಗಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಫಿಯೋನಾಳ ಗಂಡ ಜೆಫ್ರಿ ಮೀನಿನ ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕ. ಯಾರೂ ಕೇಳದೆಯೇ ಅವನು ಟೆಂಪೋದಲ್ಲಿ ಐಸಿನ ಗಡ್ಡೆಗಳನ್ನು ಗೋಣಿ ಸುತ್ತಿ ತಂದ. ಮೀನಿನ ವಾಸನೆ ತಾಗದ ಹಾಗೆ ಹೊಸ ಗೋಣಿಯನ್ನೇ ಆರಿಸಿದ್ದ. ಮುನಿಸಿಕೊಂಡಿದ್ದ ಸುಕೇಶ್ ಸ್ವಲ್ಪ ಹೊತ್ತು ದೂರ ನಿಂತು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ತಾನೇ ಐಸ್ ಒಡೆಯಲು ಕುಳಿತ. ಸಂಗಮೇಶ ಅದನ್ನು ದೇವದಾಸರ ಬದಿಗಳಲ್ಲಿ, ಮಲಗಿದವರಿಗೆ ದಿಂಬು ಒತ್ತಿಡುವ ಹಾಗೆ, ನಿಧಾನವಾಗಿ ಜೋಡಿಸಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅದೆಲ್ಲ ನೀರಾಗಿ ಅಂಗಳಕ್ಕೆ ಹರಿಯಿತು. ಬೆಳಗಿನವರೆಗೆ ಸಾಗದು ಎಂದು ಎಲ್ಲರಿಗೂ ಕಂಡಿತು. ವಿಡಿಯೋದಲ್ಲಾದರೂ ಮುಖ ತೋರಿಸುವ ಎಂದು ಸುಕೇಶ್ ಎರಡು ಸಲ ಕರೆ ಮಾಡಿದ. ವಿಜೇತಾ ಎತ್ತಲಿಲ್ಲ.

ಐದೂವರೆಗೆ ದೇವದಾಸರನ್ನು ಎತ್ತಿದರು. ಬೆಂಕಿ ಕೊಟ್ಟವನು ಸುಕೇಶ್. ಚಟ್ಟಕ್ಕೆ ಹೆಗಲು ಕೊಡಲು ಸಂಗಮೇಶ ಹಿಂಜರಿದು ನಿಂತಿದ್ದಾಗ, ಮುಂದೆ ಬಾ ಎಂದು ಅವನಿಗೆ ಜಾಗ ಬಿಟ್ಟುಕೊಟ್ಟವನೂ ಸುಕೇಶನೇ.

*

ವಿಜೇತಾ ಬೆಳಗ್ಗೆ ಏಳೂವರೆಗೆ ಬಂದಳು. ತಂದೆಯನ್ನು ಮಲಗಿಸಿದ್ದಲ್ಲಿ ಒಂದು ದೀಪವಿತ್ತು. ಸುತ್ತಲಿನ ನೆಲ ಒರೆಸಿ ಒಣಗಿತ್ತು. ಅವಳು ಅಲ್ಲಿ ಕುಳಿತು ಬರಿನೆಲದ ಮೇಲೆ ಅಂಗೈ ಇಟ್ಟಳು. ಸುಗಂಧಿ ಗೋಡೆಗೊರಗಿ ಕುಳಿತಿದ್ದಳು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

"ಅಪ್ಪ ಇದ್ದಿದ್ದರೆ ಹೀಗೇ ಮಾಡ್ತಿದ್ದರು ಅಂತ ಮಾತ್ರ ಹೇಳಬೇಡ," ಎಂದಳು ವಿಜೇತಾ, ತಿರುಗಿ ನೋಡದೆ.

"ಹೇಳುವುದಿಲ್ಲ," ಎಂದಳು ಸುಗಂಧಿ. "ಅವರು ಎಂತ ಮಾಡ್ತಿದ್ದರೋ ನನಗೆ ಗೊತ್ತಿಲ್ಲ. ಮಾಡಿದ್ದು ನಾನು."

ವಿಜೇತಾ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೇನೋ ಎಂದು ಸುಗಂಧಿ ಕಿವಿಗೊಟ್ಟಳು. ಅಡುಗೆಮನೆಯಲ್ಲಿ ಪಾತ್ರೆ ಸರಿದ ಸದ್ದಾಯಿತು. ಒಲೆ ಹಚ್ಚದ ಮನೆಯೆಂದು ಫಿಯೋನಾ ಬೇಲಿಯಾಚೆಯಿಂದ ಕುಚ್ಚಲಕ್ಕಿ ಗಂಜಿ ಕಳಿಸಿದ್ದಳು. ಅಮ್ಮ ನಿನ್ನೆಯಿಂದ ಏನೂ ಮುಟ್ಟಿಲ್ಲವೆಂದು ಅವಳೇ ಗೇಟಿನ ಬಳಿ ಹೇಳಿದ್ದಿರಬೇಕು.

ವಿಜೇತಾ ಒಂದು ಬಟ್ಟಲು ಗಂಜಿ, ಅದರ ಅಂಚಿನಲ್ಲಿ ಚೂರು ಉಪ್ಪಿನಕಾಯಿ ಇಟ್ಟುಕೊಂಡು ಬಂದು ತಾಯಿಯ ಎದುರು ಮಂಡಿಯೂರಿದಳು. ಬಟ್ಟಲನ್ನು ಮುಂದೆ ಹಿಡಿದಳು. ಸುಗಂಧಿಯ ಎರಡೂ ಕೈ ಬಟ್ಟಲನ್ನು ಗಟ್ಟಿಯಾಗಿ ಹಿಡಿಯುವವರೆಗೆ ಮಗಳು ತನ್ನ ಕೈ ಬಿಡಲಿಲ್ಲ.