ಜೋಳದ ಬೇರಿನಲ್ಲಿ ಬೆಳೆದವರು

ಯಾರ ಬೇರಿನಲ್ಲಿ ಉಂಡು ಬೆಳೆದಿರೋ ಅವರ ಹೆಸರು ಹೇಳಿಯೇ ಮುಂದಿನ ಬೇರನ್ನು ಹೊಗಬೇಕು. ಕುಂಡಗಳ ಆ ಊರಿನಲ್ಲಿ ಇದ್ದದ್ದು ಈ ಒಂದೇ ನಿಯಮ. ಹೆಚ್ಚುಕಡಿಮೆ ಎಲ್ಲರೂ ಅದನ್ನು ಮುರಿದರು.

ಅಲ್ಲಿ ಮಾಲೀಕನೊಬ್ಬ ಜೋಳ, ರಾಗಿ, ಈರುಳ್ಳಿ ಬೆಳೆಸುತ್ತಿದ್ದ. ಕಾಳಿಗಲ್ಲ, ಗಡ್ಡೆಗೂ ಅಲ್ಲ. ಅವುಗಳ ಬೇರಿನಲ್ಲಿ ಒಂದು ಉಪಕಾರಿ ಶಿಲೀಂಧ್ರ ಮರಿ ಹಾಕಲಿ ಎಂದು. ಬೇರು ಸಕ್ಕರೆ ಕೊಡುತ್ತಿತ್ತು, ಶಿಲೀಂಧ್ರ ಮಣ್ಣಿನ ಸಾರ ತಂದುಕೊಡುತ್ತಿತ್ತು. ಮರಿಗಳು ತುಂಬಿದ ಮೇಲೆ ಮಾಲೀಕ ನೀರು ನಿಲ್ಲಿಸಿ, ಗಿಡಗಳನ್ನು ಬುಡಕ್ಕೆ ಕತ್ತರಿಸಿ, ಮಣ್ಣು ಸಮೇತ ಮರಿಗಳನ್ನು ದಾಳಿಂಬೆ ತೋಟಕ್ಕೆ ಸಾಗಿಸುತ್ತಿದ್ದ. ಆ ಕುಂಡಗಳಲ್ಲಿ ಹುಟ್ಟಿದ ಯಾವ ಜೋಳವೂ ತೆನೆ ಕಂಡಿರಲಿಲ್ಲ.

ಈ ಸಲ ಮಾಲೀಕ ಜೋಳಕ್ಕೆ ಒಂದು ಮಾತು ಕೊಟ್ಟಿದ್ದ. ಜೋಳ ಸಾಕಿದ ಮರಿಗಳೇ ಒಳ್ಳೆಯವು ಎಂದು ದಾಳಿಂಬೆ ಹೇಳಿದರೆ, ಮುಂದಿನ ಬಿತ್ತನೆಯಲ್ಲಿ ಒಂದು ಸಾಲನ್ನು ತೆನೆಗೆ ಬಿಡುತ್ತೇನೆ ಎಂದು. ಕುಡುಗೋಲು ಬರುವ ಬೆಳಿಗ್ಗೆ, ಬಾಡಿ ನಿಂತ ಜೋಳ ತನ್ನ ಮರಿಗಳಿಗೆ ಹೇಳಿತು: "ನನ್ನದು ಮುಗೀತು, ಮಕ್ಕಳೇ. ಹೋದಲ್ಲಿ ಜೋಳದವ್ವ ಸಾಕಿದ್ಲು ಅನ್ನಿ. ನನ್ನ ಹಿಂದೆ ಬರೋಳು ಒಬ್ಬಳಾದ್ರೂ ತೆನೆ ನೋಡಲಿ."

ಮರಿಗಳು ಆಣೆ ಮಾಡಿದವು.

ದಾಳಿಂಬೆ ದೊಡ್ಡ ಮನೆತನದ ಗಿಡ. ಬುಡಕ್ಕೆ ಹೊದಿಸಿದ ಜೋಳದ ದಂಟಿನ ತಂಪಿನಲ್ಲಿ ನಿಂತು, ಅದು ಬಂದವರ ಪೂರ್ವಾಪರ ವಿಚಾರಿಸಿತು. ರಾಗಿಯ ಮರಿಗಳು ತಾವು ಪ್ರಯೋಗಾಲಯದ ಗಾಜಿನ ಬುಡ್ಡಿಯಲ್ಲಿ ಬೆಳೆದವರೆಂದವು. ಈರುಳ್ಳಿಯ ಮರಿಗಳೂ ಹಾಗೇ ಹೇಳಿದವು.

"ಮತ್ತೆ ಈ ಈರುಳ್ಳಿ ವಾಸನೆ?" ಎಂದಿತು ದಾಳಿಂಬೆ.

"ಪಕ್ಕದ ಕುಂಡದವರದು, ಅಮ್ಮಾವ್ರೇ."

ಜೋಳದ ಮರಿಗಳು ಒಂದರ ಮುಖ ಒಂದು ನೋಡಿದವು. ಅವ್ವ ಹೇಗೂ ಹೋದಳಲ್ಲ ಎಂದುಕೊಂಡು ಅವೂ ಗಾಜು ಎಂದವು. ಬೇರುಗಳು ತೆರೆದವು.

ಅಷ್ಟರಲ್ಲಿ ಮಾಲೀಕ ಬಂದು, ಯಾರು ಸಾಕಿದವು ಚೆನ್ನಾಗಿವೆ ಎಂದು ಕೇಳಿದ. ಎಲ್ಲ ಗಾಜಿನವೇ, ಬಹಳ ಸಂಸ್ಕಾರವಂತರು ಎಂದಿತು ದಾಳಿಂಬೆ. ಮಾಲೀಕನಿಗೆ ನಿಜ ಗೊತ್ತಿತ್ತು. ಅವನು ತಿದ್ದಲಿಲ್ಲ. ಮರಿಗಳನ್ನು ತುಂಬುವ ಚೀಲಗಳ ಮೇಲೆ ಗಾಜಿನ ಬುಡ್ಡಿಯ ಚಿತ್ರ ಹಾಕಿಸಿ, ಮುಂದಿನ ಸಲ ಜೋಳವನ್ನು ಒಂದು ವಾರ ಮುಂಚೆಯೇ ಕೊಯ್ಯಿರಿ ಎಂದು ಆಳುಗಳಿಗೆ ಹೇಳಿದ.

ಜೋಳದ ಒಂದು ಮರಿಯ ವಿಚಾರಣೆ ಇನ್ನೂ ಉಳಿದಿತ್ತು. ಅದರ ನೂಲಿನಂಥ ಎಳೆ ಆಗಲೇ ದಾಳಿಂಬೆ ಬೇರಿನ ಸಿಪ್ಪೆ ದಾಟಿತ್ತು. ಬೇರಿಲ್ಲದೆ ಅದು ಹೆಚ್ಚು ದಿನ ಬದುಕುವಂತಿರಲಿಲ್ಲ.

"ನೀನೂ ಗಾಜೇ ತಾನೆ?"

"ಜೋಳದವ್ವ ಸಾಕಿದ್ದು."

"ನಾನದನ್ನ ಕೇಳಿಸ್ಕೊಂಡಿಲ್ಲ. ಗಾಜು ಅನ್ನು, ಒಳಗೆ ಬಾ."

ಒಳಗಿದ್ದ ಒಡಹುಟ್ಟಿದವರೂ ಅದನ್ನೇ ಅಂದರು. ಇನ್ನು ಹೇಳಿ ಯಾರಿಗೆ ತೆನೆ ಬರಬೇಕು, ಹಟ ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳಿದರು.

ಮರಿ ಸಕ್ಕರೆಯ ರುಚಿ ಹತ್ತಿದ್ದ ಎಳೆಯನ್ನು ಬೇರಿನಿಂದ ಹೊರಗೆ ಎಳೆದುಕೊಂಡಿತು.