ಸುಳ್ಯದ ಕಂಪ್ಯೂಟರಿಗೆ ಗೊತ್ತಿರಲಿಲ್ಲ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅದನ್ನು ಸಿಡಿಲಿನ ಮೇಲೆ, ಕರೆಂಟಿನ ಮೇಲೆ ಹಾಕುವುದು ಬೇಡ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ರಕ್ತದಾನಿಗಳ ಪಟ್ಟಿ ನಮ್ಮದು. ಕಟ್ಟಿದವರು ನಾನು ಮತ್ತು ನರಿಮೊಗರಿನ ಸಂಪ್ರೀತ್. ಊರಿಗೊಂದರಂತೆ ಮೂರು ಕಂಪ್ಯೂಟರ್, ಮೂರರಲ್ಲೂ ಅದೇ ಪಟ್ಟಿ. ಒಂದು ಕೆಟ್ಟರೆ ಉಳಿದೆರಡು ಕೆಲಸ ನಡೆಸುತ್ತವೆ, ಕೆಟ್ಟದ್ದು ವಾಪಸ್ ಬಂದಾಗ ಮೂರೂ ಒಂದಕ್ಕೊಂದು ಕೇಳಿ ಸರಿಮಾಡಿಕೊಳ್ಳುತ್ತವೆ. "ನಾಲ್ಕು ಇಡ್ಲಿ ಬೇಯಿಸ್ಲಿಕ್ಕೆ ಮದುವೆ ಹಂಡೆ ಯಾಕೆ ಮಾರಾಯ?" ಎಂದು ನಾನು ತಮಾಷೆ ಮಾಡಿದ್ದೆ. "ರಕ್ತ ಬೇಕಾದವ ಕರೆಂಟ್ ಬರುವ ತನಕ ಕಾಯ್ತಾನಾ?" ಎಂದು ಅವನು ನನ್ನ ಬಾಯಿ ಮುಚ್ಚಿಸಿದ್ದ.

ನಾವಿಬ್ಬರೂ ಜಗಳವಾಡದ ದಿನವಿಲ್ಲ. ಅದರಲ್ಲಿ ದೊಡ್ಡ ಜಗಳ ಹತ್ತು ದಿನದ್ದು. ನಮ್ಮ ಡೇಟಾಬೇಸ್‌ನಲ್ಲಿ ಹೆಸರು ಅಳಿಸಿದರೆ ಅದು ಕೂಡಲೇ ಹೋಗುವುದಿಲ್ಲ. 'ಇವರು ಈಗ ಇಲ್ಲ' ಎಂಬ ಗುರುತೊಂದು ಬಂದು ಕೂರುತ್ತದೆ. ಬಂದ ಮಾಹಿತಿಯೆಲ್ಲ ಸಣ್ಣ ಸಣ್ಣ ಫೈಲುಗಳಾಗಿ ಬೀಳುತ್ತದೆ, ಆಮೇಲೆ ಅವೆಲ್ಲ ಕೂಡಿ ಒಂದು ದೊಡ್ಡ ಫೈಲಾಗುತ್ತದೆ. ಹಾಗೆ ಕೂಡುವಾಗ ಅಳಿಸಿದ ಹೆಸರೂ ಅದರ ಗುರುತೂ ಒಟ್ಟಿಗೇ ಕಸಕ್ಕೆ. ಆದರೆ ಗುರುತಿಗೆ ಹತ್ತು ದಿನ ತುಂಬುವವರೆಗೆ ಮುಟ್ಟಬಾರದು ಎಂದು ಸಂಪ್ರೀತ್ ಇಟ್ಟಿದ್ದ. ಕೆಟ್ಟು ಕೂತ ಕಂಪ್ಯೂಟರ್ ವಾಪಸ್ ಬಂದಾಗ ಆ ಗುರುತು ನೋಡಬೇಕಲ್ಲ?

"ಸಂಪಾಜೆಯಲ್ಲಿ ಲೈನಿನ ಮೇಲೆ ಒಂದು ಮರ ಬಿದ್ರೆ ಸಾಕು, ಸುಳ್ಯ ಒಂದು ವಾರ ಇಲ್ಲ. ಹತ್ತು ಅಂದ್ರೆ ಹತ್ತು. ನೀನು ಕೈ ಹಾಕ್ಬೇಡ ಮಾರಾಯ್ತಿ" ಎಂದಿದ್ದ.

ಮೇ ತಿಂಗಳಲ್ಲಿ ಅದೇ ಸಂಪಾಜೆ ಘಾಟಿಯಲ್ಲಿ ಲಾರಿಯೊಂದು ಅವನ ಬೈಕಿಗೆ ಬಡಿಯಿತು. ಊರಿಗೆಲ್ಲ ರಕ್ತ ಹುಡುಕಿ ಕೊಟ್ಟವನಿಗೆ ಒಂದು ಬಾಟಲಿ ಏರಿಸುವಷ್ಟು ಹೊತ್ತೂ ಸಿಗಲಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಮರುದಿನ, ತಾನೂ ದಾನಿಯಾಗಿದ್ದ ಅವನ ಹೆಸರನ್ನು ಪಟ್ಟಿಯಿಂದ ಅಳಿಸಿದೆ. ಅವನ ಅಮ್ಮ ಪಂಕಜಾಕ್ಷಿಯವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೆಸರು ಅಳಿಸುವ ಹಿಂದಿನ ದಿನವೇ ಸುಳ್ಯದ ಕಂಪ್ಯೂಟರಿಗೆ ಸಿಡಿಲು ಬಡಿದು ಅದು ರಿಪೇರಿಗೆ ಹೋಗಿತ್ತು.

ದಾನಿಗಳ ಫೋನುಗಳು ಹದಿನೈದು ನಿಮಿಷಕ್ಕೊಮ್ಮೆ ತಾವೆಲ್ಲಿದ್ದೇವೆಂದು ಹೇಳಿ ಹೇಳಿ ಸಣ್ಣ ಫೈಲುಗಳು ಸಾವಿರಗಟ್ಟಲೆ ಆಗಿದ್ದವು. ಒಬ್ಬರನ್ನು ಹುಡುಕಲು ಹನ್ನೆರಡು ಸೆಕೆಂಡು. ನನಗೆಲ್ಲಿ ಅಷ್ಟು ತಾಳ್ಮೆ? ಫೈಲಿನ ಗಾತ್ರ ದೊಡ್ಡದು ಮಾಡಿದೆ, ಬೇಗ ಬೇಗ ಕೂಡುವಂತೆ ಮಾಡಿದೆ, ಹತ್ತು ದಿನವನ್ನು ಮೂರಕ್ಕಿಳಿಸಿದೆ. ಸುಳ್ಯದ್ದು ರಿಪೇರಿಯಲ್ಲಿದೆ ಎಂದು ಗೊತ್ತಿಲ್ಲದೆ ಅಲ್ಲ. ಅವನ ಮೇಲೆ ಸಿಟ್ಟಿತ್ತು ನನಗೆ. ಹೇಳದೆ ಕೇಳದೆ ಹೋದವನ ಮಾತು ನಾನ್ಯಾಕೆ ಕೇಳಬೇಕು? ಹುಡುಕಾಟ ಒಂದು ಸೆಕೆಂಡಿಗೆ ಇಳಿಯಿತು. "ನೋಡಿದ್ಯಾ?" ಎಂದು ಅವನ ಖಾಲಿ ಕುರ್ಚಿಗೆ ಹೇಳಿ ಬಿಕ್ಕಿ ಬಿಕ್ಕಿ ಅತ್ತೆ.

ಹೆಸರು ಅಳಿಸಿದ ಒಂಬತ್ತನೇ ದಿನ ಸುಳ್ಯದ ಕಂಪ್ಯೂಟರ್ ವಾಪಸ್ ಬಂತು. ಸಂಪ್ರೀತ್ ಇಲ್ಲವೆಂದು ಅದಕ್ಕೆ ಗೊತ್ತಿರಲಿಲ್ಲ. ಹೇಳಬೇಕಾದ ಗುರುತನ್ನು ಪುತ್ತೂರು, ಕಡಬ ಎರಡು ಕಡೆಯೂ ನಾನೇ ಗುಡಿಸಿ ಹಾಕಿಸಿದ್ದೆ. ಅದು ತನ್ನಲ್ಲಿದ್ದ ಹೆಸರನ್ನು ಉಳಿದೆರಡಕ್ಕೂ ಕೊಟ್ಟಿತು. ಅವು ನಂಬಿದವು.

ಮರುದಿನ ಬೆಳಿಗ್ಗೆ ಪುತ್ತೂರಿನ ಆಸ್ಪತ್ರೆಯೊಂದರಿಂದ ಕೋರಿಕೆ ಬಂದಿತ್ತು. ಹೆರಿಗೆಯಾದ ಹುಡುಗಿಗೆ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಹತ್ತಿರದ ದಾನಿಗೆ ಕರೆ ತಾನಾಗಿಯೇ ಹೋಗುತ್ತದೆ. ಅವರು ಬರುತ್ತೇನೆಂದು ಫೋನಿನಲ್ಲಿ ಒಂದನೇ ಅಂಕಿ ಒತ್ತಿದರೆ ಬೇರೆಯವರಿಗೆ ಕರೆ ಹೋಗುವುದಿಲ್ಲ. ನಾನು ಆಫೀಸಿಗೆ ಬಂದು ಪರದೆ ನೋಡುವಾಗ ಅರ್ಧ ಗಂಟೆ ಕಳೆದಿತ್ತು. 'ಸಂಪ್ರೀತ್ ಬರುತ್ತಿದ್ದಾರೆ' ಎಂದಿತ್ತು. ನರಿಮೊಗರಿನ ದಾರಿಯಲ್ಲಿ ಅವನ ಫೋನಿನ ಹಸಿರು ಚುಕ್ಕೆ ಪುತ್ತೂರಿನ ಕಡೆಗೆ ಬರುತ್ತಿತ್ತು.

ಯಾ ಅಲ್ಲಾಹ್! ಒಂದು ಗಳಿಗೆ, ಒಂದೇ ಗಳಿಗೆ, ಅವನು ಬರುತ್ತಿದ್ದಾನೆಂದೇ ನಂಬಿದೆ. ಆಮೇಲೆ ಬುದ್ಧಿ ಬಂದು ಅದೇ ಗುಂಪಿನ ದಾನಿ, ಐವರ್ನಾಡಿನ ಆದಂ ಕುಂಞಿಯವರಿಗೆ ಫೋನ್ ಮಾಡಿ, ಇದ್ದ ಹಾಗೆಯೇ ಹೊರಡಿ ಎಂದು ಕಿರುಚಿ, ಆಸ್ಪತ್ರೆಗೆ ಓಡಿದೆ.

ಗೇಟಿನಲ್ಲಿ ಬಸ್ಸಿಂದ ಇಳಿದು ಬಂದವರು ಪಂಕಜಾಕ್ಷಿಯಮ್ಮ. ಕೈಯಲ್ಲಿ ಅವನ ಫೋನ್.

"ನಶೀದಾ, ನಿನ್ನದೇ ಸ್ವರ ಮಗಾ" ಎಂದರು. ಆ ಕರೆಗೆ ಸ್ವರ ಕೊಟ್ಟವಳೂ ನಾನೇ. "ನಿಮ್ಮ ರಕ್ತ ಒಂದು ಜೀವಕ್ಕೆ ಬೇಕು ಅಂತ ಹೇಳಿದ್ಯಲ್ಲ, ಒತ್ತಿದೆ. ಅವನಿಗೆ ಬರ್ಲಿಕ್ಕೆ ಆಗುದಿಲ್ಲ, ನಾನು ಕೊಡ್ತೇನೆ. ಅವನದ್ದು ನನ್ನದೇ ರಕ್ತ ಅಲ್ವಾ?"

ಅರವತ್ತೆಂಟು ವರ್ಷ, ಬೇರೆ ಗುಂಪಿನ ರಕ್ತ. ನರ್ಸ್ ಅವರ ಕೈ ಹಿಡಿದು ಬೆಂಚಿನಲ್ಲಿ ಕೂರಿಸಿದಳು. ಆದಂ ಕುಂಞಿ ಬಂದರು, ಕೊಟ್ಟರು. ಹುಡುಗಿ ಉಳಿದಳು ಎಂದು ಡಾಕ್ಟರ್ ಹೇಳುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು.

"ಅವನ ಹೆಸರು ಈಗ್ಲೂ ಉಂಟಲ್ವಾ?" ಎಂದು ಕೇಳಿದರು.

"ಉಂಟಮ್ಮ. ನನ್ನ ತಪ್ಪಿಂದ."

"ಇರ್ಲಿ ಮಗಾ. ರೇಷನ್ ಕಾರ್ಡಿಂದ ತೆಗೆದಾಯ್ತು, ಓಟಿನ ಪಟ್ಟಿಯಿಂದಲೂ ತೆಗೆದಾಯ್ತು. ನೀನಾದ್ರೂ ಇಟ್ಕೋ. ನಿನ್ನ ಕಾಲಿಗೆ ಬೀಳ್ತೇನೆ."

ಇಟ್ಟುಕೊಳ್ಳುತ್ತೇನೆ ಎನ್ನಬೇಕೆಂದು ನನಗೂ ಆಸೆಯಿತ್ತು. ಸುಳ್ಳಾದರೂ ಹೇಳಬಹುದಿತ್ತು. "ಅವನ ಹೆಸರು ಇದ್ದದ್ದಕ್ಕೆ ಆ ಹುಡುಗಿಗೆ ಅರ್ಧ ಗಂಟೆ ತಡ ಆಯ್ತಮ್ಮ" ಎಂದೆ.

ಅವರು ವಾರ್ಡಿನ ಬಾಗಿಲನ್ನೇ ನೋಡುತ್ತ ಕೂತರು. ಒಳಗಿಂದ ಮಗು ಅಳುವುದು ಕೇಳುತ್ತಿತ್ತು.

"ಹಾಗಾದ್ರೆ ಅವ ನಿನ್ನನ್ನು ಬೈತಿದ್ದ. ಅಳಿಸು. ಈ ಸಲ ನನ್ನೆದುರೇ ಅಳಿಸು."

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಅಳಿಸಿದೆ. ಮೂರು ಊರಿಗೂ ಸುದ್ದಿ ಮುಟ್ಟಿತೇ ಎಂದು ನೋಡಿದೆ. ಮೂರು ದಿನವನ್ನು ಪುನಃ ಹತ್ತು ಮಾಡಿದೆ.

"ಹೋದನಾ?"

"ಇಲ್ಲ, ಕರೆ ಬರುದಿಲ್ಲ ಅಷ್ಟೇ. ಗುರುತು ಹತ್ತು ದಿನ ಇರ್ತದೆ. ಅವನೇ ಇಟ್ಟ ಲೆಕ್ಕ."

"ಹತ್ತು ದಿನ ಉಂಟಾ!" ಎಂದರು, ಹಬ್ಬಕ್ಕೆ ಬಂದ ಮಗ ಇನ್ನೆರಡು ದಿನ ನಿಲ್ಲುತ್ತೇನೆ ಎಂದಷ್ಟು ಖುಷಿಯಿಂದ. ನನಗೆ ತಡೆಯಲಾಗಲಿಲ್ಲ, ಮುಖ ಆಚೆ ತಿರುಗಿಸಿದೆ.

ಹನ್ನೊಂದನೇ ದಿನ ಬೆಳಿಗ್ಗೆ ಫೈಲುಗಳೆಲ್ಲ ಕೂಡಿ ಮುಗಿದವು. ಹುಡುಕಿದೆ, ಮೂರು ಕಡೆಯೂ ಅವನಿಲ್ಲ. ಅಷ್ಟರಲ್ಲಿ ನನ್ನ ಫೋನ್ ಬಡಿಯಿತು. ಸಂಪ್ರೀತ್ ಎಂದು ಹೆಸರು ಬಂತು.

"ಹೋದನಾ ಮಗಾ?"

"ಹೋದ ಅಮ್ಮ."



"ಹಾಗಾದ್ರೆ ಈ ಫೋನನ್ನು ಇನ್ನು ಚಾರ್ಜಿಗೆ ಹಾಕುದಿಲ್ಲ" ಎಂದು ಹೇಳಿ ಇಟ್ಟರು.