ಮದರ್ ಸೀರಿಯಸ್

"ಆ ಗೋಲಿಯನ್ನು ಮೊದಲು ಊರು ಬಿಟ್ಟು ಓಡಿಸಬೇಕು!"

ಟೆಲಿಗ್ರಾಂ ಕಾಗದವನ್ನು ಏರ್ ಫಿಲ್ಟರ್ ಪೆಟ್ಟಿಗೆಯ ಮೇಲೆ ಬಡಿದು ಅಬ್ದುಸ್ಸಲಾಮ್ ಕೂಗಿದ. ಗೋದಾಮಿನ ತಗಡಿನ ಮಾಡು ಆ ಕೂಗನ್ನು ಇನ್ನೊಮ್ಮೆ ಕೂಗಿತು. "ಗೋಲ್ ಕಾಯುವವನ ಕೈಯಾ ಅದು? ಸೌತೆಕಾಯಿ! ಹನ್ನೊಂದು ವರ್ಷ ಆಯ್ತು ನಾವು ಕಪ್ ಮುಟ್ಟದೆ. ಈ ಸಲ ಫೈನಲಿಗೆ ಬಂದದ್ದೇ ಬಂದದ್ದು, ನನಗೆ ಮೂರು ದಿವಸದಿಂದ ಗಂಟಲಲ್ಲಿ ಅನ್ನ ಇಳೀಲಿಲ್ಲ. ಕಡೆಗೆ ನೋಡಿದರೆ ಇದು!"

ಟೆಲಿಗ್ರಾಂ ತಂದುಕೊಟ್ಟ ಆಫೀಸಿನ ಗುಮಾಸ್ತ, ಹೈದರಾಬಾದಿನ ಮುದುಕ, ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕನ್ನಡ ಬಾರದು. ಆದರೆ ಕಾಗದದಲ್ಲಿ ಇರುವುದು ಗೊತ್ತು: 'ಮದರ್ ಸೀರಿಯಸ್. ಬ್ರದರ್.' ಸಂಕಟದಲ್ಲಿ ಮನುಷ್ಯನ ತಲೆ ಕೆಟ್ಟಿದೆ ಎಂದುಕೊಂಡು ಅವನು ಹತ್ತಿರ ಬಂದು "ಸಬರ್ ಕರೋ ಭಾಯಿ" ಎಂದು ಬೆನ್ನು ಸವರಿದ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ಹೊರಟುಹೋದ.

ಲಾರಿಯ ಹಿಂದೆ ಪೆಟ್ಟಿಗೆ ಎಣಿಸುತ್ತಿದ್ದ ಡ್ರೈವರ್ ಕೋಯನಿಗೆ ನಗು ತಡೆಯಲಾಗಲಿಲ್ಲ. ಅವನು ಉಳ್ಳಾಲದವ, ಗುಟ್ಟೆಲ್ಲ ಗೊತ್ತಿದ್ದವ.

"ಸಲಾಮಾಕ, ನಿಮ್ಮನ್ನು ಪಿಯುಸಿಯಲ್ಲಿ ಎರಡು ಸಲ ಫೇಲ್ ಮಾಡಿ ಮನೆಗೆ ಕಳಿಸಿದ ಕಾಲೇಜಲ್ವಾ ಅದು? ಅದು ಸೋತರೆ ನೀವು ಬಿರಿಯಾನಿ ಹಂಚಬೇಕು."

"ಫೇಲ್ ಮಾಡಿದ್ದು ಇಂಗ್ಲಿಷ್ ಮಾಸ್ಟ್ರು. ಕಾಲೇಜು ಎಂತ ಮಾಡಿದೆ ನನಗೆ?"

ಅಬ್ದುಸ್ಸಲಾಮ್ ಹೊಳೆಬದಿ ಕಾಲೇಜಿನಲ್ಲಿ ಇದ್ದದ್ದು ಬರೇ ಎರಡು ವರ್ಷ. ತಂಡದಲ್ಲಿ ಆಡಿದವನೂ ಅಲ್ಲ, ಹಾಫ್‌ಟೈಮಿನಲ್ಲಿ ಆಟಗಾರರಿಗೆ ನಿಂಬೆ ಹೋಳು ಹಿಡಿದುಕೊಂಡು ಓಡುತ್ತಿದ್ದವ. ಆ ಎರಡು ವರ್ಷ ಮುಗಿದು ಇಪ್ಪತ್ತೆರಡು ವರ್ಷವಾದರೂ ಕಾಲೇಜಿನ ಕೆಂಪು ಪಟ್ಟಿಯ ಬನಿಯನು ಅವನ ಎದೆಯಿಂದ ಇಳಿದಿರಲಿಲ್ಲ. ಜಿದ್ದಾಕ್ಕೆ ಬಂದು ಐದು ವರ್ಷ. ಮಂಗಳೂರಿನ ನೆಹರೂ ಮೈದಾನದಲ್ಲಿ ಯಾವ ಹುಡುಗ ಯಾವ ಕಾಲಲ್ಲಿ ಒದೆಯುತ್ತಾನೆಂದು ಇಲ್ಲಿ ಗೋದಾಮಿನಲ್ಲಿ ಕೂತೇ ಹೇಳುತ್ತಿದ್ದ.

ಸುದ್ದಿ ತರಿಸುವ ಉಪಾಯವೂ ಅವನದ್ದೇ. ಕಂಪೆನಿಗೆ ಬರುವ ಕಾಗದಗಳನ್ನೆಲ್ಲ ಗುಮಾಸ್ತ ಒಂದು ಟ್ರೇಯಲ್ಲಿ ಹಾಕಿಟ್ಟು ವಾರಕ್ಕೊಮ್ಮೆ ಹಂಚುವುದು. ಆಟದ ಸುದ್ದಿ ವಾರಗಟ್ಟಲೆ ಟ್ರೇಯಲ್ಲಿ ಕೊಳೆಯುವುದೆಂದರೇನು? ಕಾಯಿಲೆಯ, ಸಾವಿನ ತಂತಿಗಳನ್ನು ಮಾತ್ರ ಮುದುಕ ಅದೇ ಗಳಿಗೆಯಲ್ಲಿ ಕೈಗೆ ತಂದುಕೊಡುತ್ತಿದ್ದ. ಅದನ್ನು ಕಂಡುಕೊಂಡ ಅಬ್ದುಸ್ಸಲಾಮ್, ಊರಲ್ಲಿದ್ದ ಹಳೆಯ ಸಹಪಾಠಿ ಸಾಂತಪ್ಪನಿಗೆ ಬರೆದ: ಕಾಲೇಜು ಗೆದ್ದರೆ 'ಮದರ್ ರಿಕವರ್ಡ್' ಅಂತ ಹಾಕು, ಸೋತರೆ 'ಮದರ್ ಸೀರಿಯಸ್' ಅಂತ ಹಾಕು. ಕೆಳಗೆ ನಿನ್ನ ಹೆಸರು ಬೇಡ. 'ಬ್ರದರ್' ಅಂತಲೇ ಇರಲಿ, ಯಾರಿಗೂ ಸಂಶಯ ಬಾರದು. ಹೀಗೆ ಎರಡು ಸೀಸನ್ನಿನಿಂದ ಅವನ ತಾಯಿ ಮಲಗುವುದೂ ಏಳುವುದೂ ನಡೆದೇ ಇತ್ತು. ನಿಜವಾದ ತಾಯಿ ರುಖಿಯಮ್ಮ ಮಾತ್ರ ಊರಲ್ಲಿ ಗಟ್ಟಿಮುಟ್ಟಾಗಿ ಬಾವಿಯಿಂದ ನೀರು ಸೇದುತ್ತಿದ್ದರು.

ಭಾನುವಾರ ಫೈನಲ್. ಇವತ್ತು ಸೋಮವಾರ. ತಂತಿ ಸರಿಯಾದ ಹೊತ್ತಿಗೇ ಬಂದಿತ್ತು.

"ಪೇಟೆ ಕಾಲೇಜಿನವರು ರೆಫ್ರಿಗೆ ತಿನ್ನಿಸಿದ್ದಾರೆ," ಅವನು ಮತ್ತೆ ಶುರು ಮಾಡಿದ. "ಬರೆದಿಟ್ಟುಕೋ ಕೋಯ, ಪೆನಾಲ್ಟಿಯಲ್ಲೇ ಹೋಗಿದೆ. ನ್ಯಾಯವಾಗಿ ಆಡಿದರೆ..."

ಅಷ್ಟರಲ್ಲಿ ಮ್ಯಾನೇಜರ್ ಕರೆಯುತ್ತಾರೆಂದು ಹೇಳಿಕಳಿಸಿದರು.

ಮ್ಯಾನೇಜರ್ ಸೂಡಾನಿನವರು. ಎತ್ತರದ ಆಳು, ಮಾತು ಕಡಿಮೆ. ಮೇಜಿನ ಮೇಲೆ ಅಬ್ದುಸ್ಸಲಾಮನ ಪಾಸ್‌ಪೋರ್ಟು ಇತ್ತು, ಅದರ ಕೆಳಗೆ ಊರಿಗೆ ಹೋಗಿಬರುವ ಅರ್ಜಿ, ಅದರಲ್ಲಿ ಆಗಲೇ ಕಫೀಲನ, ಅಂದರೆ ಯಾರ ಒಪ್ಪಿಗೆಯಿಲ್ಲದೆ ದೇಶ ಬಿಡುವಂತಿಲ್ಲವೋ ಆ ಧಣಿಯ ಸಹಿ.

"ಹಿಂದಿನ ಮೂರು ತಂತಿಗೂ ನೀನು ರಜೆ ಕೇಳಲಿಲ್ಲ, ನಾನೂ ಸುಮ್ಮನಿದ್ದೆ," ಎಂದರು ಅವರು. "ಇದು ನಾಲ್ಕನೆಯದು. ಕಳೆದ ರಮಳಾನಿನಲ್ಲಿ ನನ್ನ ತಾಯಿ ಹೋದಾಗ ನಾನು ಇಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ನಿನಗೆ ಹಾಗಾಗಬಾರದು. ಕಫೀಲ್ ಅಭಾ ಊರಿಗೆ ಹೊರಟು ಕಾರಿನಲ್ಲಿ ಕೂತಿದ್ದರು, ನಿಲ್ಲಿಸಿ ಸಹಿ ಹಾಕಿಸಿದ್ದೇನೆ. ಯಲ್ಲಾ, ನಾಡಿದ್ದಿನ ವಿಮಾನ."

ಅಬ್ದುಸ್ಸಲಾಮ್ ಅರ್ಜಿಯ ತಾರೀಕು ನೋಡಿದ. ಎರಡು ವರ್ಷಕ್ಕೆ ಸಿಗುವುದು ಒಂದೇ ರಜೆ. ಅದನ್ನು ಅವನು ಮಗಳು ಝೊಹರಾಳ ನಿಕಾಹಿಗೆಂದು ಮೇ ತಿಂಗಳಿಗೆ ಎತ್ತಿಟ್ಟಿದ್ದ. ಈಗ ಹೋದರೆ ಅದು ಹೋಯಿತು. ಮಗಳ ಮದುವೆಯ ದಿವಸ ತಾನು ಇಲ್ಲಿ ಫಿಲ್ಟರ್ ಎಣಿಸುತ್ತ ಕೂರಬೇಕು. ಅದೂ ಯಾವುದಕ್ಕೆ? ಒಬ್ಬ ಗೋಲಿಯ ಸೌತೆಕಾಯಿ ಕೈಗೆ!

ಬೇರೆ ದಾರಿ ಇಲ್ಲದೆ ನಿಜ ಹೇಳಿದ. ಅರ್ಧ ಇಂಗ್ಲಿಷು, ಅರ್ಧ ಅರಬಿ, ಮಿಕ್ಕದ್ದು ಕೈಸನ್ನೆ. ತಾಯಿ ಅಂದರೆ ತಾಯಿ ಅಲ್ಲ, ಕಾಲೇಜು. ಸೀರಿಯಸ್ ಅಂದರೆ ಸೋಲು.

ಮ್ಯಾನೇಜರ್ ಪಾಸ್‌ಪೋರ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. "ಚೆಂಡು?" ಎಂದರು. "ನಿನ್ನ ಉಮ್ಮನನ್ನು ಕಾಯಿಲೆಯೆಂದು ಮಲಗಿಸಿದ್ದು ಚೆಂಡಿಗಾಗಿಯಾ?"

ಇವನ ಮನೆಯಲ್ಲಿ ತಾಯಿಗೆ ಅನ್ನುವ ಉಮ್ಮ ಅರಬಿಯಲ್ಲೂ ಉಮ್ಮನೇ. ಆ ಒಂದು ಶಬ್ದಕ್ಕೆ ಭಾಷಾಂತರ ಬೇಕಾಗಲಿಲ್ಲ.

ಅಬ್ದುಸ್ಸಲಾಮನಿಗೆ ನಾಚಿಕೆಯಾಗುವ ಬದಲು ರೇಗಿತು. ಕಾಗದವನ್ನು ಬಂದ ದಿವಸವೇ ಕೊಟ್ಟಿದ್ದರೆ ನಾನು ಯಾಕೆ ಇಷ್ಟು ಕಷ್ಟಪಡಬೇಕಿತ್ತು? ಸಾಯುವವರ ಸುದ್ದಿಗೆ ಮಾತ್ರವಾ ನಿಮ್ಮಲ್ಲಿ ಬೆಲೆ? ಬದುಕಿದವರಿಗೆ ಸುದ್ದಿ ಬೇಡವಾ? ಇಷ್ಟನ್ನೂ ಹೇಳಿಯೇಬಿಟ್ಟ. ಮ್ಯಾನೇಜರ್ ಒಂದು ಹಾಳೆ ಮುಂದೆ ತಳ್ಳಿದರು. ಬರೆ.

'ನನ್ನ ತಾಯಿ ಆರೋಗ್ಯವಾಗಿದ್ದಾರೆ. ನನಗೆ ರಜೆಯ ಅಗತ್ಯವಿಲ್ಲ.' ಅವನು ಒತ್ತಿ ಒತ್ತಿ ಬರೆದು, ಕಾಗದ ಹರಿಯುವ ಹಾಗೆ ಸಹಿ ಹಾಕಿದ. ಮ್ಯಾನೇಜರ್ ಅರ್ಜಿಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಪಾಸ್‌ಪೋರ್ಟು ಕಪಾಟಿನೊಳಗೆ ಹೋಯಿತು.

ಬುಧವಾರ ಇಳಿಹೊತ್ತಿನ ಅಸರ್ ನಮಾಝ್ ಆದ ಮೇಲೆ ಹೈದರಾಬಾದಿನ ಮುದುಕ ಓಡಿಕೊಂಡೇ ಬಂದ. ಮುಖದಲ್ಲಿ ಹಬ್ಬ. "ಮುಬಾರಕ್ ಹೋ!" ಎಂದು ಇನ್ನೊಂದು ತಂತಿಯನ್ನು ಅವನ ಕೈಯಲ್ಲಿಟ್ಟ.

'ಮದರ್ ರಿಕವರ್ಡ್. ಬ್ರದರ್.'

ಅಬ್ದುಸ್ಸಲಾಮ್ ಓದಿ ನಕ್ಕ. "ಈ ಸಾಂತಪ್ಪನಿಗೆ ಮಂಡೆ ಸಮ ಇಲ್ಲ. ಫೈನಲ್ ಸೋತು ಕಪ್ ಅವರ ಮನೆ ಸೇರಿದ ಮೇಲೆ ಇದೆಂತ ರಿಕವರ್ಡು?"

"ಹೌದಲ್ವಾ," ಎಂದ ಕೋಯ, ಚಾದ ಲೋಟ ಹಿಡಿದುಕೊಂಡು. "ಫೈನಲ್ ಆದ ಮೇಲೆ ಮ್ಯಾಚ್ ಉಂಟಾ? ಹಾಗಾದರೆ ಇದು ಯಾವುದು?"

ಮಾತು ಮುಗಿಯುವ ಮೊದಲೇ ಕೋಯನ ಮುಖ ಸಪ್ಪೆಯಾಯಿತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

ಅಬ್ದುಸ್ಸಲಾಮ್ ಎರಡು ತಂತಿಗಳನ್ನೂ ಪೆಟ್ಟಿಗೆಯ ಮೇಲೆ ಪಕ್ಕ ಪಕ್ಕ ಇಟ್ಟ. ಎರಡೂ ಮಂಗಳೂರಿನಿಂದ. ಅದರಿಂದ ಏನೂ ತಿಳಿಯದು. ಅವನ ಹಳ್ಳಿಯಲ್ಲಿ ಫೋನೂ ಇಲ್ಲ, ತಂತಿಯೂ ಇಲ್ಲ. ತಮ್ಮ ಹಸನ್ ಕುಂಞಿ ತಂತಿ ಕೊಡಬೇಕಾದರೂ ಮಂಗಳೂರಿಗೇ ಬರಬೇಕು. ಕೊಟ್ಟರೆ ಅವನೂ 'ಬ್ರದರ್' ಅಂತಲೇ ಹಾಕುತ್ತಾನೆ. ಅವನು ಬ್ರದರೇ ಅಲ್ಲವೇ?

ಆಫೀಸಿನ ಫೋನಿನಿಂದ ಲಾಜರಸನಿಗೆ ಮಾಡಿದ. ಮಂಗಳೂರು ಬಿಜೈಯ ಲಾಜರಸ್ ಜಿದ್ದಾದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದ. ಹೊಳೆಬದಿ ಕಾಲೇಜಿಗೆ ಲೆಫ್ಟ್ ವಿಂಗ್ ಆಡಿದವ.

"ಒಂದು ಮ್ಯಾಚು, ಎರಡು ತಂತಿ," ಎಂದ ಲಾಜರಸ್ ನಿಧಾನವಾಗಿ. "ಒಂದು ಕಾಲೇಜಿನದ್ದು. ಇನ್ನೊಂದು ನಿಮ್ಮ ಮನೆಯದ್ದು. ಭಾನುವಾರ ಆಡಿ ಸೋತದ್ದೇ ಆದರೆ ಸೋಮವಾರದ್ದು ಸಾಂತಪ್ಪನದ್ದು. ಆಗ ಇವತ್ತಿನದ್ದು ಹಸನ್ ಕುಂಞಿಯದ್ದು. ಅಂದರೆ ಉಮ್ಮನಿಗೆ ಹುಷಾರಿರಲಿಲ್ಲ, ಈಗ ಗುಣ ಆಗಿದೆ. ಒಳ್ಳೆಯದೇ ಆಯ್ತಲ್ಲ ಮಾರಾಯ."

"ಗೆದ್ದಿದ್ದರೆ?"

 ಆ ಕಡೆ ಗಾಜಿನ ಬಾಟಲಿಗಳು ಸದ್ದು ಮಾಡಿದವು.

"ಮ್ಯಾಚ್ ಎರಡು ದಿವಸ ಮುಂದೆ ಹೋಗಿ, ಆಮೇಲೆ ಗೆದ್ದಿದ್ದರೆ, ಲಾಜರ್?"

"ಸುಮ್ಮನೆ ಯಾಕೆ ಮುಂದೆ ಹೋಗ್ತದೆ? ನೀನು ಇಲ್ಲದ್ದನ್ನು ಯೋಚನೆ ಮಾಡಬೇಡ."

"ಆ ನಾಯಿಗೆ ಒಂದು ಹೆಸರು ಹಾಕಲಿಕ್ಕೆ ಎಂತ ರೋಗ? ಸಾಂತಪ್ಪ ಅಂತ ಬರೆದರೆ ಅವನ ಗಂಟು ಹೋಗ್ತದಾ?"

"ಹೆಸರು ಹಾಕಬೇಡ ಅಂತ ಬರೆದದ್ದು ನೀನು, ಸಲಾಮ್."

ಅವನು ಫೋನನ್ನು ಕುಕ್ಕಿ ನೇರ ಮ್ಯಾನೇಜರರ ಕೋಣೆಗೆ ಹೋದ. ಅವರು ಎರಡು ತಂತಿಗಳನ್ನೂ ಓದಿ, ಕಪಾಟಿನಿಂದ ಅವನೇ ಬರೆದ ಹಾಳೆಯನ್ನು ತೆಗೆದು ಪಕ್ಕದಲ್ಲಿಟ್ಟರು.

"ಇವತ್ತಿನ ತಂತಿಯ ಪ್ರಕಾರ ನಿನ್ನ ತಾಯಿ ಗುಣವಾಗಿದ್ದಾರೆ. ನೀನು ಬರೆದುಕೊಟ್ಟ ಪ್ರಕಾರವೂ."

"ಸುಳ್ಳಿದ್ದಾಗ ನಂಬಿದಿರಿ! ಕಾರು ನಿಲ್ಲಿಸಿ ಸಹಿ ಹಾಕಿಸಿದಿರಿ! ಈಗ ನಿಜ ಇರಬಹುದು ಅಂತ ಕಾಲು ಹಿಡಿದರೆ ಕಾಗದ ತೋರಿಸುತ್ತೀರಾ?"

"ಹೊಸ ಸಹಿ ಬೇಕು. ಕಫೀಲ್ ಬರುವುದು ಮುಂದಿನ ವಾರ," ಎಂದರು ಮ್ಯಾನೇಜರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಇವನಿಗೆ ಜಗಳವಾದರೂ ಆಡಬಹುದಿತ್ತು.

ಉಮ್ಮ ಹೇಗಿದ್ದಾರೆಂದು ಕೇಳಿ ಅವನೇ ಮಂಗಳೂರಿನ ಮೇಲಾಗಿ ಊರಿಗೆ ತಂತಿ ಕೊಟ್ಟ. ಗುರುವಾರ ಉತ್ತರವಿಲ್ಲ. ಮಲಗಿದರೆ ಕಣ್ಣ ಮುಂದೆ ಉಮ್ಮ ಬರಬೇಕಿತ್ತು. ಬಂದದ್ದು ಮೈದಾನ. ಪೇಟೆ ಕಾಲೇಜಿನ ಫಾರ್ವರ್ಡು ಚೆಂಡು ಹಿಡಿದು ಒಬ್ಬೊಬ್ಬರನ್ನೇ ದಾಟಿ ಬರುತ್ತಿದ್ದಾನೆ, ಇವನು ಗೆರೆಯಾಚೆ ನಿಂತು "ಹೊಡಿ, ಹೊಡಿ!" ಎಂದು ಅವನಿಗೇ ಕೂಗುತ್ತಿದ್ದಾನೆ. ಇಪ್ಪತ್ತೆರಡು ವರ್ಷದಲ್ಲಿ ಎದುರು ತಂಡಕ್ಕೆ ಅವನು ಹಾಗೆ ಕೂಗಿದ್ದೇ ಇಲ್ಲ. ಶುಕ್ರವಾರ ಜುಮಾದಲ್ಲಿ ಕೈಯೆತ್ತಿ ಕೇಳಿದ್ದೂ ಅದನ್ನೇ. ಯಾ ಅಲ್ಲಾಹ್, ನಮ್ಮವರನ್ನು ಸೋಲಿಸಿರು. ಐದು ಗೋಲಿನಿಂದ ಬೇಕಾದರೂ ಸೋಲಿಸಿರು.

ಜಿದ್ದಾದ ಶರಫಿಯಾ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಬದಿ ಕಾಲೇಜಿನವರು ಶುಕ್ರವಾರ ಸೇರುವ ಹೊಟೇಲಿನಲ್ಲಿ ಹತ್ತು ಹನ್ನೆರಡು ಮಂದಿ ಆಗಲೇ ಕೂತಿದ್ದರು. ಲಾಜರಸ್ ಅವನಿಗೆ ಪಕ್ಕದಲ್ಲಿ ಜಾಗ ಇಟ್ಟಿದ್ದ.

"ಎಂತ ಸಲಾಮ್, ಸೋತದ್ದಕ್ಕೆ ಇಷ್ಟು ದುಃಖವಾ?" ಯಾರೋ ಕೇಳಿದರು. "ತಾಯಿ ಸತ್ತವನ ಹಾಗೆ ಕೂತಿದ್ದೀಯಲ್ಲ!"

ಅಬ್ದುಸ್ಸಲಾಮ್ ಎದ್ದ. ಮೇಜು ಅಲುಗಿತು. ಲಾಜರಸ್ ಅವನ ತೋಳು ಹಿಡಿದು ಕೂರಿಸದಿದ್ದರೆ ಆ ಮನುಷ್ಯನ ಹಲ್ಲು ಉಳಿಯುತ್ತಿರಲಿಲ್ಲ.

ಆಗಲೇ ಬಾಗಿಲಲ್ಲಿ ಸಿಮೋನ್ ಕಾಣಿಸಿದ. ರಜೆ ಮುಗಿಸಿ ಬುಧವಾರ ಮಂಗಳೂರು ಬಿಟ್ಟು ಬೊಂಬಾಯಿಯ ಮೇಲೆ ನಿನ್ನೆ ಬಂದಿಳಿದಿದ್ದವ. ಬಗಲಲ್ಲಿ ಹಲಸಿನ ಚಿಪ್ಸಿನ ಪೊಟ್ಟಣ, ಹಲ್ವದ ಡಬ್ಬಿ. ಕೈಯಲ್ಲಿ ಮಡಚಿದ ಪೇಪರು. ಅದನ್ನವನು ಬಾವುಟದ ಹಾಗೆ ಎತ್ತಿ ಹಿಡಿದಿದ್ದ.

"ಕಪ್ ನಮ್ಮದು!"

ಎಲ್ಲರ ಕತ್ತೂ ಬಾಗಿಲ ಕಡೆ ತಿರುಗಿತು.

"ಎಂತ ನೋಡ್ತೀರಿ? ಭಾನುವಾರ ಮೈದಾನದಲ್ಲಿ ಯಾವುದೋ ಮಂತ್ರಿಯ ಸಭೆ ಅಂತ ಮ್ಯಾಚ್ ಮುಂದೆ ಹಾಕಿದ್ರು. ಮಂಗಳವಾರ ಆಡಿಸಿದ್ರು. ಎರಡು ಒಂದು! ನನ್ನ ಕಣ್ಣಾರೆ ನೋಡಿ ಬಂದದ್ದು ಮಾರಾಯ್ರೆ!"

ಬೆಂಚುಗಳು ಮಗುಚಿದವು. ಮಲಬಾರಿನ ಅಡುಗೆಯವನು ಏನಾಯಿತೆಂದು ಸೌಟು ಹಿಡಿದೇ ಹೊರಗೆ ಬಂದ. ನಲವತ್ತು ದಾಟಿದ ಗಂಡಸರು ಮೇಜು ಬಡಿದು, ಕಾಲೇಜಿನ ಹಳೆಯ ಕೂಗನ್ನು ಕೂಗತೊಡಗಿದರು. ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿದರು. "ಸಲಾಮನಿಗೆ ಮೊದಲು ಕೊಡಿ! ಹನ್ನೊಂದು ವರ್ಷ ಕಾದವ ಅವ!" ಎಂದು ಸಿಮೋನ್ ಡಬ್ಬಿ ತೆರೆದು, ದೊಡ್ಡದೊಂದು ಹಲ್ವದ ತುಂಡನ್ನು ಅವನ ಬಾಯಿಗೆ ತುರುಕಿದ.

ಭಾನುವಾರ ಆಟವೇ ಇರಲಿಲ್ಲವೆಂದ ಮೇಲೆ ಸೋಮವಾರದ ತಂತಿ ಸಾಂತಪ್ಪನದ್ದಲ್ಲ. ಅಬ್ದುಸ್ಸಲಾಮ್ ಹಲ್ವವನ್ನು ಅಗಿಯಲಿಲ್ಲ, ಉಗುಳಲಿಲ್ಲ. ಒಂದು ಕೆನ್ನೆ ಉಬ್ಬಿಸಿಕೊಂಡು ಹಾಗೆಯೇ ಕೂತಿದ್ದ. ಅವನ ತಲೆಯ ಮೇಲಿಂದ ಕೈಗಳು ಒಂದರ ಮೇಲೊಂದು ಡಬ್ಬಿಗೆ ಚಾಚುತ್ತಿದ್ದವು. ಲಾಜರಸ್ ಒಂದು ಲೋಟ ನೀರನ್ನು ಅವನ ಮುಂದೆ ಸರಿಸಿ, ಅದು ಚೆಲ್ಲದ ಹಾಗೆ ಎರಡು ಬೆರಳಿನಿಂದ ಹಿಡಿದುಕೊಂಡ.